ಆರತಿ ತಟ್ಟೆಗೆ ಬಿದ್ದ ಹಡಗು

ಸ್ನೇಹಿತರೇ, ಇವತ್ತು ಅವಲಪಲ್ಲಿಯಲ್ಲಿ ತಂಗಿಯ ಮಗುವಿನ ನಾಮಕರಣ. ಆರತಿ ತಟ್ಟೆಗೆ ನಾನು ತಪ್ಪು ನಾಣ್ಯ ಹಾಕಿಬಿಟ್ಟೆ. ಜೇಬಿನಿಂದ ತೆಗೆದದ್ದು ಹತ್ತು ರೂಪಾಯಿ ಎಂದುಕೊಂಡಿದ್ದೆ. ಬಿದ್ದದ್ದು ಹಡಗಿನಲ್ಲಿ ಮೊದಲ ಸಲ ಭೂಮಿಯನ್ನು ಸುತ್ತಿ ಬಂದವರ ನೆನಪಿಗೆ ಹೊರದೇಶವೊಂದು ಹೊರತಂದ, ಹಡಗಿನ ಚಿತ್ರವಿದ್ದ ನಾಣ್ಯ. ಎರಡು ತಿಂಗಳು ಕಾಯಿಸಿ, ಬೆಳಿಗ್ಗೆಯಷ್ಟೇ ಅಂಚೆಯಲ್ಲಿ ಬಂದಿತ್ತು. ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗಿರಲಿಲ್ಲ.

ಕೆಂಪು ನೀರಿನಲ್ಲಿ ಹಡಗು ಮುಳುಗಿದ್ದು ಕಂಡು ಕೈ ಹಾಕಲು ಹೋದೆ. ಆರತಿ ಎತ್ತಿದ್ದ ಉದ್ದನಪಲ್ಲಿಯ ಸೋದರತ್ತೆ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು.

“ಮುಟ್ಬೇಡ ಕಣ್ಲಾ! ತಟ್ಟೆಗೆ ಬಿದ್ದಿದ್ದು ಆರತಿ ಎತ್ತಿದೋಳ್ದು.”

“ಅತ್ತೆ, ಅದು ಅಂಗಡೀಲಿ ನಡೆಯಲ್ಲ. ಭೂಮಿ ಸುತ್ತಿದವರ ನೆನಪಿಂದು. ಬದಲಿಗೆ ಐನೂರು ಕೊಡ್ತೀನಿ.”

“ಯಾರ್ಗ್ ಬೇಕ್ಲಾ ನಿನ್ ಐನೂರು? ಅವ್ರು ಭೂಮೀನೇ ಸುತ್ತವ್ರೆ. ನೀನು ಇಲ್ಲೇ ಇರೋ ಹೊಸೂರಿಂದ ನಮ್ಮೂರಿಗೆ ಬರ್ದೆ ನಾಕು ವರ್ಸ ಆಯ್ತು. ನಾಳೆ ಬಂದು ಮುದ್ದೆ ಉಂಡು, ಈಸ್ಕೊಂಡೋಗು.”

ಬಾಣಂತಿ ತಂಗಿಯೂ ಸೇರಿ ಇಡೀ ಮನೆ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಅತ್ತೆ ನಾಣ್ಯವನ್ನು ಸೆರಗಿನಲ್ಲಿ ಒರೆಸಿ, ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡು, ಸಂಜೆಯ ಬಸ್ಸು ಹತ್ತಿಯೇಬಿಟ್ಟರು. ಕಿಟಕಿಯಿಂದ ಕೂಗಿ ಹೇಳಿದರು: “ಕೋಳಿ ಸಾರು ಮಾಡಿರ್ತೀನಿ, ತಪ್ಪಿಸ್ಬ್ಯಾಡ!”

ಅನುವಾದಿತ ಕಾದಂಬರಿಗಳಲ್ಲಿ ನಾನು ಎಷ್ಟೋ ಸಮುದ್ರಗಳನ್ನು ದಾಟಿದ್ದೇನೆ. ಉದ್ದನಪಲ್ಲಿಗೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂಬುದು ಮಾತ್ರ ಗೊತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.