ಬಿರುಗಾಳಿ ಕೊಡುವ ರಜೆ

ಬೆಳಿಗ್ಗೆ ರಾಟೆಯ ಮುಂದೆ ಕುಳಿತು ಮಗ್ಗದ ಕಂಡಿಕೆಗೆ ನೂಲು ಸುತ್ತುವಾಗ ಅದು ಬೆರಳಿಗೆ ಅಂಟಿಕೊಂಡಿತೆಂದರೆ, ಗೆಳೆಯರೇ, ಬಂಗಾಳಕೊಲ್ಲಿಯಲ್ಲಿ ಎಲ್ಲೋ ವಾಯುಭಾರ ಕುಸಿದಿದೆಯೆಂದು ನಾನು ತಿಳಿಯುತ್ತೇನೆ. ಸಮುದ್ರದಿಂದ ಇಷ್ಟು ದೂರದ ನಾರಾಯಣಪೇಟೆಗೆ ಚಂಡಮಾರುತ ತನ್ನ ಉಗ್ರರೂಪದಲ್ಲಿ ಬರುವುದಿಲ್ಲ. ದಾರಿಯುದ್ದಕ್ಕೂ ಮರ ಕೆಡವಿ, ಸೂರು ಹಾರಿಸಿ, ದಣಿದು, ನಮ್ಮ ಓಣಿ ಮುಟ್ಟುವ ಹೊತ್ತಿಗೆ ಜಿಟಿಜಿಟಿ ಹನಿಯಾಗಿರುತ್ತದೆ. ನಮ್ಮ ಕೆಲಸ ಕೆಡಲು ಅಷ್ಟೇ ಸಾಕು. ಸೀರೆಗಾಗಿ ಉದ್ದಕ್ಕೆ ಜೋಡಿಸಿದ ಎಳೆಗಳ ಹಾಸನ್ನು ಓಣಿಯಲ್ಲಿ ಬಿಗಿದು ಗಂಜಿ ಹಚ್ಚಿದರೆ ಒಣಗದು. ಒಣಗದ ಹಾಸು ಮಗ್ಗ ಏರದು. ಹೀಗಾಗಿ ನಮಗೆ ರಜೆ ಕೊಡುವ ಯಜಮಾನನೆಂದರೆ ಬಿರುಗಾಳಿಯೊಂದೇ.

ಹಾಸು ಒಮ್ಮೆ ಓಣಿಗೆ ಇಳಿಯಿತೆಂದರೆ, ಅದು ಸೀರೆಯಾಗಿ ಮಗ್ಗದಿಂದ ಇಳಿಯುವ ತನಕ ಮನೆಯವರು ಊರು ಬಿಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವರು ನನ್ನ ಅತ್ತೆ. ಆ ಕಣ್ಣುಗಳೇ ಈಗ ಆರುತ್ತಿವೆ. ಹೋದ ಬೆಳಕು ಮರಳುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದು ರಾಯಚೂರಿನ ಡಾಕ್ಟರು ಕೈಚೆಲ್ಲಿದ ದಿನ, ಬಸ್ಸು ಮಕ್ತಲ್ ದಾಟಿದ ಮೇಲೆ ಅತ್ತೆ ಹೇಳಿದ್ದು ಒಂದೇ ಮಾತು: "ಸಮುದ್ರ ಒಂದು ನೋಡಬೇಕಿತ್ತು ನೋಡವ್ವಾ."

ಅಂದಿನಿಂದ ಫೋನಿನಲ್ಲಿ ಊರು ಆರಿಸುವುದೇ ನನ್ನ ಉದ್ಯೋಗವಾಗಿದೆ. ಪುರಿ ಎಂದರೆ ಭೂಪಟದಲ್ಲಿ ಅದರ ಮುಂದೆಯೇ ಚಂಡಮಾರುತದ ಬಿಳಿಯ ಸುಳಿ ತಿರುಗುತ್ತಿರುತ್ತದೆ. ವಿಶಾಖಪಟ್ಟಣ ಎಂದರೆ ಸುಳಿ ಅತ್ತ ಹೊರಳುತ್ತದೆ. ಅಂಡಮಾನ್ ಎಂದರೆ ಹಡಗಿನ ಓಡಾಟವೇ ನಿಂತಿರುತ್ತದೆ. ಪಡುವಣ ಕಡಲು ಸಾಧು ಎಂದುಕೊಂಡಿದ್ದೆ, ಅದಕ್ಕೂ ಈಚೆಗೆ ತಲೆ ಕೆಟ್ಟಿದೆಯಂತೆ. ಇಷ್ಟೆಲ್ಲ ಅನಾಹುತ ಮಾಡುವ ಗಾಳಿಗೆ ಮುದ್ದಾದ ಹೆಸರೊಂದನ್ನು ಇಡುತ್ತಾರಲ್ಲ, ಅದನ್ನು ಓದಿದಾಗ ಮೈಯೆಲ್ಲ ಉರಿಯುತ್ತದೆ. ಪ್ರವಾಸದ ಸಲಹೆಗಳು ಸುರಕ್ಷಿತ ತಿಂಗಳನ್ನು ಆರಿಸಿಕೊಳ್ಳಿ ಎನ್ನುತ್ತವೆ. ತಿಂಗಳನ್ನು ಆರಿಸಿಕೊಳ್ಳುವ ಭಾಗ್ಯ ಇದ್ದವರಿಗೆ ಊರು ಯಾವುದಾದರೇನು? ನಮಗೆ ಬಿಡುವು ಸಿಗುವುದು ಸಮುದ್ರ ಕೆರಳಿದಾಗ. ಅದು ಶಾಂತವಾದಾಗ ನಾವು ಮಗ್ಗಕ್ಕೆ ಕಟ್ಟುಬಿದ್ದಿರುತ್ತೇವೆ. ಹುಡುಕಿ ಹುಡುಕಿ ನನಗೆ ಸಾಕುಸಾಕಾಗಿತ್ತು.

"ಮಾಘದಾಗ ಪುರಿ ಕಡಿ ಸಮುದ್ರ ಸುಮ್ನ ಇರ್ತೈತಂತರೀ," ಎಂದು ನಿನ್ನೆ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದೆ.

"ಮಾಘದಾಗ ಲಗ್ನದ ಸೀರಿ ಇರ್ತಾವ. ಹಾಸು ಬಿಟ್ಟು ಹೋಗಾಕ ಹ್ಯಾಂಗ ಬರ್ತೈತಿ?" ಎಂದರು ಅವರು, ತಾಯಿಯ ಮುಖ ನೋಡದೆ.

ಅತ್ತೆ ತಟ್ಟೆಯಲ್ಲಿ ರೊಟ್ಟಿ ತಡವಿ ಹುಡುಕುತ್ತ ಹೇಳಿದರು: "ಗದ್ವಾಲದಾಗ ನಮ್ಮವ್ವ ಸತ್ತಾಗ ಹಾಸು ಮುಗಿಸೇ ಹೋದ್ನೆಪ್ಪಾ. ನಾ ಹೋಗೂದ್ರಾಗ ಮಣ್ಣು ಮಾಡಿದ್ರು. ಮುಖ ಸಿಗಲಿಲ್ಲ ನನಗ."

ಈ ಸಂಗತಿಯನ್ನು ಅವರು ಇಷ್ಟು ವರ್ಷ ನಮ್ಮಿಬ್ಬರಿಗೂ ಹೇಳಿರಲಿಲ್ಲ. ಗಂಡ ಕೈತೊಳೆದು ಎದ್ದವರೇ, "ಮಾಘಕ್ಕ ಟಿಕೀಟ್ ತಗಿ," ಎಂದರು. ತೆಗೆದೆ. ಕಟ್ಟಳೆ ಮುರಿದ ಭಯಕ್ಕಿಂತ ಹುಡುಕಾಟ ಮುಗಿದ ನಿರಾಳವೇ ಹೆಚ್ಚಾಗಿತ್ತು. ಸುರಕ್ಷಿತವಾದ ಊರು, ಸುರಕ್ಷಿತವಾದ ತಿಂಗಳು, ಎರಡೂ ಸಿಕ್ಕಿದ್ದವು.

ಇಷ್ಟು ದಿನ ನಮ್ಮ ಕೆಲಸ ನಿಲ್ಲಿಸಿದ್ದ ಗಾಳಿ ಇಂದು ಬೆಳಿಗ್ಗೆ ದಡ ದಾಟಿ ಅಡಗಿತೆಂದು ಸುದ್ದಿ ಬಂತು. ಆಕಾಶ ತೊಳೆದಿಟ್ಟಂತಿತ್ತು. ಎಷ್ಟೋ ದಿನದ ಮೇಲೆ ಓಣಿಯ ತುಂಬ ಬಿಸಿಲು ಸುರಿಯುತ್ತಿತ್ತು. ಅಕ್ಕಪಕ್ಕದವರೆಲ್ಲ ಗಡಿಬಿಡಿಯಿಂದ ಗಂಜಿ ಕಾಯಿಸುತ್ತಿದ್ದರು. ನನ್ನ ಗಂಡನೂ ಸುತ್ತಿಟ್ಟ ಹಾಸನ್ನು ಹೆಗಲ ಮೇಲೆ ಹೊತ್ತು ಹೊಸ್ತಿಲ ತನಕ ಬಂದಿದ್ದರು. ಬಾಗಿಲ ಪಕ್ಕದ ಕಟ್ಟೆಯ ಮೇಲೆ, ಮುಖಕ್ಕೆ ನೇರವಾಗಿ ಬಿಸಿಲು ಬೀಳುವಂತೆ ಅತ್ತೆ ಕುಳಿತಿದ್ದರು. ನಮ್ಮ ಸಪ್ಪಳ ಕೇಳಿ ಇತ್ತ ತಿರುಗಿ ಕೇಳಿದರು:

"ಮೋಡ ಇನ್ನಾ ಸರಿದಿಲ್ಲೇನವ್ವಾ?"

ಗಂಡ ಹೆಗಲ ಮೇಲಿನ ಹಾಸನ್ನು ಓಣಿಗೆ ಇಳಿಸದೆ ಒಳಗೆ ಒಯ್ದಿಟ್ಟು, ಸಮುದ್ರದ ಕಡೆಗೆ ಇವತ್ತು ಯಾವ ಗಾಡಿ ಇದೆ ನೋಡು ಎಂದರು.