ಡ್ರೊಸೆರಾ ಬೆಳೆಯದ ಆರಡಿ ಜಾಗ

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ, ಆಮೇಲೆ ಬೇಕಿದ್ದರೆ ನನ್ನನ್ನು ಹುಚ್ಚಿ ಅನ್ನಿ. ನಾನು ಹುಮನಾಬಾದಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಕ್ಲಾಸಿನಲ್ಲಿ ದೆವ್ವದ ಕಥೆ ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವಳು. ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಕಟ್ಟಿದ್ದಾಗಿದ್ದರೆ ನನಗೇ ಎಷ್ಟೋ ಹಗುರಾಗುತ್ತಿತ್ತು.

ನನಗೊಂದು ಹುಚ್ಚಿದೆ, ನಿಜ. ಹುಳ ತಿನ್ನುವ ಗಿಡಗಳ ಹುಚ್ಚು. ಅಂಥವು ದಟ್ಟ ಕಾಡಿನಲ್ಲಿ ಮಾತ್ರ ಇರುತ್ತವೆ ಅಂತ ಎಲ್ಲರೂ ತಿಳಿದಿದ್ದಾರೆ. ನಮ್ಮ ಬೀದರ್ ಸೀಮೆಯ ಕೆಂಪು ಕಲ್ಲಿನ ಬಯಲಲ್ಲೂ ಇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಲಿನೊಳಗಿಂದ ನೀರು ಜಿನುಗುತ್ತಲೇ ಇರುತ್ತದೆಯಲ್ಲ, ಆ ತೆಳ್ಳನೆಯ ಹಸಿ ಮಣ್ಣಿನಲ್ಲಿ ನಾಣ್ಯದಷ್ಟಗಲ, ಕೆಂಪಗೆ, ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ. ಹೆಸರು ಡ್ರೊಸೆರಾ. ಎಲೆಯ ಕೂದಲ ತುದಿಯಲ್ಲಿ ಅಂಟಿನ ಹನಿ. ಹುಳ ಬಂದು ಕೂತರೆ ಅದರ ಕಥೆ ಮುಗಿಯಿತು.

ಬಸವಕಲ್ಯಾಣ, ಹುಮನಾಬಾದ್ ಸುತ್ತ ಈ ಗಿಡ ಎಲ್ಲೆಲ್ಲಿದೆ ಅಂತ ನಕ್ಷೆ ಮಾಡುತ್ತಿದ್ದೆ. ನಿರ್ಣಾ ಕಡೆ ಸಿಕ್ಕಿತ್ತು, ಬೇಮಳಖೇಡದಲ್ಲಿ ಸಿಕ್ಕಿರಲಿಲ್ಲ. ಹಗಲು ಹುಡುಕುವುದು ಕಷ್ಟ. ಕತ್ತಲಾದ ಮೇಲೆ ಬ್ಯಾಟರಿಯನ್ನು ನೆಲಕ್ಕೆ ತಾಗಿಸಿ ಹಿಡಿದರೆ ಪ್ರತಿ ಹನಿಯೂ ಮಿನುಗುತ್ತದೆ, ಒಂದು ಗಿಡವೂ ತಪ್ಪಿಸಿಕೊಳ್ಳುವುದಿಲ್ಲ. ಹಾಗಾಗಿ ಹೋದ ವರ್ಷ ಮೋರಖಂಡಿ ಆಚೆಯ ದಿಬ್ಬದ ಮೇಲಿನ ಬಯಲಿನಲ್ಲಿ ನಾನು ರಾತ್ರಿಯಾಗುವವರೆಗೆ ಉಳಿದೆ.

ಜೊತೆಗೆ ಮೆಹಬೂಬಿ ಇದ್ದಳು. ಊರಂಚಿನ ಕೊನೆಯ ಮನೆಯವಳು, ಆಡು ಮೇಯಿಸುವ ಮುದುಕಿ. ನನ್ನ ಸ್ಕೂಟಿ ಅವಳ ಅಂಗಳದಲ್ಲೇ ನಿಲ್ಲುತ್ತಿತ್ತು. ನನ್ನನ್ನು 'ಬಾಯಿ' ಅಂತ ಕರೆಯುತ್ತಿದ್ದಳು, ನಮ್ಮ ಕಡೆ ಟೀಚರಮ್ಮನಿಗೆ ಹಾಗನ್ನುತ್ತಾರೆ. ನೀರು ಆರದ ಜಾಗಗಳೆಲ್ಲ ಅವಳಿಗೆ ಕಾಲಿನಲ್ಲೇ ಗೊತ್ತು. ಮುಂದೆ ನಡೆಯುವಾಗ ಕೈತುಂಬ ಹಸಿರು ಗಾಜಿನ ಬಳೆ ಗಲಗಲ ಅನ್ನುತ್ತಿದ್ದವು. ಕತ್ತಲಲ್ಲಿ ಆ ಸದ್ದು ಹಿಡಿದೇ ನಾನು ಹಿಂದೆ ಹೋಗುತ್ತಿದ್ದೆ.

ಏಳೂವರೆ ಇರಬೇಕು. ಚಂದ್ರನಿಲ್ಲ. ಒದ್ದೆ ಕಲ್ಲಿನ ವಾಸನೆ, ಎಲ್ಲೋ ನೀರು ಜಿನುಗುವ ಸಣ್ಣ ಸದ್ದು... ಮಂಡಿಯೂರಿ ಬ್ಯಾಟರಿಯನ್ನು ನೆಲಕ್ಕೆ ಹಚ್ಚಿದೆ.

"ಅಯ್ಯ ಅಲ್ಲಾ... ಚುಕ್ಕಿ ಕೆಳಗ ಇಳದಾವೇನ್ರಿ ಬಾಯಿ?" ಅಂದಳು ಮೆಹಬೂಬಿ.

ಸಾವಿರಾರು ಗಿಡ. ಅಷ್ಟು ದೊಡ್ಡ ಗುಂಪನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಖುಷಿಗೆ ಕುಣಿಯುವುದೊಂದು ಬಾಕಿ. ಆದರೆ ಆ ಮಿನುಗಿನ ನಟ್ಟನಡುವೆ ಒಂದು ಕಪ್ಪು ಜಾಗ ಇತ್ತು. ಹತ್ತಿರ ಹೋದೆವು. ಮೊಣಕಾಲೆತ್ತರದ ದಟ್ಟ ಹಸಿರು ಹುಲ್ಲು, ಒಂದು ಹಾಸಿಗೆಯಷ್ಟು ಜಾಗದಲ್ಲಿ.

"ಈ ಹುಲ್ಲಿಗೆ ನಮ್ಮ ಆಡು ಬಾಯಿ ಹಾಕಂಗಿಲ್ರಿ," ಅಂದಳು. "ಮೂಸಿ ನೋಡಿ ಹಿಂದಕ ಸರೀತಾವ. ಇಲ್ಲಿ ನಿಮ್ಮ ಗಿಡ ಯಾಕ ಇಲ್ರೀ?"

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಪಾಠ ಶುರು ಮಾಡಿಯೇಬಿಟ್ಟೆ.

"ಈ ಗಿಡ ಬಡ ಮಣ್ಣಿನಾಗ ಮಾತ್ರ ಇರ್ತದ ಅಮ್ಮಾ. ಮಣ್ಣಾಗ ಏನೂ ಸಿಗಲ್ಲ ಅಂತನೇ ಹುಳ ಹಿಡದು ತಿಂತದ. ಎಲ್ಲಿ ಸತ್ವ ಬೀಳ್ತದೋ ಅಲ್ಲಿ ಹುಲ್ಲು ಎದ್ದು ಇದನ್ನ ಓಡಸ್ತದ."

"ಸತ್ವ ಅಂದ್ರ?"

"ಸೆಗಣಿ, ಗೊಬ್ಬರ... ಇಲ್ಲಾ ಏನರ ಸತ್ತು ಅಲ್ಲೇ ಮಣ್ಣಾಗಿದ್ರ..."

ಬಳೆಯ ಸದ್ದು ನಿಂತಿತು.

ಅವಳು ಕೇಳಿದಳು, "ಎಷ್ಟು ಉದ್ದ ಅದ್ರಿ ಅದು?"

ನಾನು ದಡ್ಡಿ. ಟೇಪು ತೆಗೆದು ಅಳೆದೆ! "ಆರಡಿಗೆ ಎರಡು ಬೆರಳು ಕಮ್ಮಿ," ಅಂದೆ.

ಮೆಹಬೂಬಿ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತಳು. ಆಗ ಹೇಳಿದಳು. ಹನ್ನೊಂದು ವರ್ಷದ ಹಿಂದೆ ಇಂಥದ್ದೇ ಮಳೆಗಾಲದ ಸಂಜೆ ಅವಳ ಗಂಡ ತಪ್ಪಿಸಿಕೊಂಡ ಆಡೊಂದನ್ನು ಹುಡುಕಲು ಬಾಯಲ್ಲಿ ಬೀಡಿ ಕಚ್ಚಿಕೊಂಡು ಈ ಬಯಲಿಗೆ ಬಂದನಂತೆ. ಆಡು ತಾನೇ ಮನೆಗೆ ಬಂತು. ಅವನು ಬರಲಿಲ್ಲ. ಠಾಣೆಗೆ ಹೋದಳು, ದರ್ಗಾಗಳಿಗೆ ಹೋದಳು. ಹೈದರಾಬಾದಿಗೆ ಹೋಗಿದ್ದಾನೆ ಅಂದರು ಕೆಲವರು, ಬೇರೆ ಸಂಸಾರ ಮಾಡಿದ್ದಾನೆ ಅಂದರು ಇನ್ನು ಕೆಲವರು.

"ಸತ್ತಾರಂತ ಅಳಲಿಲ್ಲ, ಅದಾರಂತ ನಗಲಿಲ್ಲ. ಬಳಿ ತಗೀಬೇಕೋ ಇಟ್ಕೋಬೇಕೋ ಒಬ್ರೂ ಹೇಳಲಿಲ್ರಿ ನಂಗ."

ಏನಾದರೂ ಸಮಾಧಾನ ಹೇಳೋಣವೆಂದು ತಿರುಗಿದೆ. ಬ್ಯಾಟರಿ ನೆಲದ ಮೇಲೆ ಉರಿಯುತ್ತಲೇ ಇತ್ತು. ಆಗ ನೋಡಿದೆ...

ಹುಲ್ಲಿನ ಅಂಚಿನಲ್ಲಿ ಗೇಣುದ್ದದ ಒಂದು ತುಣುಕು ಆರಿತು. ಅಲ್ಲಿನ ಹನಿಗಳ ಮಿನುಗು, ಅಷ್ಟೇ, ಇಲ್ಲವಾಯಿತು. ಆಮೇಲೆ ಎರಡಡಿ ಈಚೆ ಇನ್ನೊಂದು. ಸ್ವಲ್ಪ ಎಡಕ್ಕೆ. ಮತ್ತೊಂದು, ಸ್ವಲ್ಪ ಬಲಕ್ಕೆ...

ಸದ್ದಿಲ್ಲ. ಗಾಳಿಯೂ ಇಲ್ಲ. ಕತ್ತಲೆಯ ಹೆಜ್ಜೆಗಳು ಒಂದೊಂದಾಗಿ ನಮ್ಮ ಕಡೆ ಬರುತ್ತಿದ್ದವು. ಒದ್ದೆಯಾದ ಬೀಡಿಯ ವಾಸನೆ ಮೂಗಿಗೆ ಬಡಿಯಿತು.

ಹೆಜ್ಜೆಗಳು ಮೆಹಬೂಬಿಯ ಮುಂದೆ ಬಂದು ನಿಂತವು. ಎರಡು, ಪಕ್ಕಪಕ್ಕ.

"ಬಂದ್ರೇನು..." ಅಂದಳು ಅವಳು. ದನಿಯಲ್ಲಿ ಹೆದರಿಕೆಯೇ ಇರಲಿಲ್ಲ. ಊಟಕ್ಕೆ ತಡಮಾಡಿದವನನ್ನು ಕೇಳುವ ದನಿ ಅದು.

ಆಮೇಲೆ ಎರಡೂ ಕೈಯನ್ನು ಕಲ್ಲಿಗೆ ಬಡಿದಳು. ಬಳೆ ಒಡೆದ ಸದ್ದಿಗೆ ನಾನು ಚೀರಿದೆ. ಬೀಡಿಯ ವಾಸನೆ ತಟ್ಟನೆ ಹೋಯಿತು.

ಇಳಿಯುವ ದಾರಿಯಲ್ಲಿ ತಡೆಯಲಾಗದೆ ಅಂದೆ, "ಪೊಲೀಸರಿಗೆ ಹೇಳೂನು ಅಮ್ಮಾ. ಅಗದು ನೋಡ್ತಾರ."

"ಬ್ಯಾಡ್ರಿ ಬಾಯಿ. ಮಲಗಿದವರನ್ನ ಎಬ್ಬಸಬ್ಯಾಡ್ರಿ."

ಮನೆಗೆ ಬಂದು ರಾತ್ರಿಯಿಡೀ ಯೋಚಿಸಿದೆ. ಅಲ್ಲಿ ಸತ್ತದ್ದು ಎಮ್ಮೆಯೋ ಎತ್ತೋ ಯಾಕಾಗಿರಬಾರದು? ನನ್ನ ಒಂದು ಪಾಠಕ್ಕೆ ಒಬ್ಬ ಹೆಂಗಸು ವಿಧವೆಯಾದಳಲ್ಲ! ಅದನ್ನೇ ಹೇಳಿ ತಪ್ಪು ತಿದ್ದಿಕೊಳ್ಳಬೇಕೆಂದು ವಾರದ ಮೇಲೆ ಹೋದೆ. ನಾನು ಬಾಯಿ ತೆಗೆಯುವ ಮೊದಲೇ ಮೆಹಬೂಬಿ ನನ್ನ ಕೈ ಹಿಡಿದಳು. "ಬಾಯಿ, ಈಗ ನಂಗ ನಿದ್ದಿ ಬರಾಕತ್ತದ," ಅಂದಳು. ಸುಮ್ಮನೆ ಚಹಾ ಕುಡಿದು ವಾಪಸಾದೆ.

ಈ ವರ್ಷ ಮಳೆ ನಿಂತ ಮೇಲೆ ಒಬ್ಬಳೇ ಹೋದೆ. ಹಗಲಲ್ಲೇ ಹೋದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಮೆಹಬೂಬಿಗೆ ಮೊಣಕಾಲು ನೋವು, ಬಯಲು ಹತ್ತುವುದು ಬಿಟ್ಟಿದ್ದಳು.

ಹುಲ್ಲು ಇರಲಿಲ್ಲ.

ಆ ಜಾಗದ ತುಂಬ ಡ್ರೊಸೆರಾ, ಕೆಂಪಗೆ, ಒತ್ತೊತ್ತಾಗಿ. ಒಡೆದ ಹಸಿರು ಬಳೆಯ ಚೂರು ಪಕ್ಕದಲ್ಲೇ ಇದ್ದವು, ಜಾಗ ತಪ್ಪಿಲ್ಲ. ಸತ್ವ ಕುಡಿದ ಮಣ್ಣು ಒಂದೇ ವರ್ಷದಲ್ಲಿ ಹೀಗೆ ಬಡವಾಗುವುದಿಲ್ಲ. ಅಂಥದ್ದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.

ಆಮೇಲೆ ಕಂಡಿತು. ಕೆಂಪು ಗಿಡಗಳ ನಡುವೆ ಒಂದು ಹುಲ್ಲಿನ ಕುಚ್ಚು, ಅಂಗಾಲಿನಷ್ಟು. ಎರಡಡಿ ಆಚೆ ಇನ್ನೊಂದು. ಬಯಲಿನ ಅಂಚಿನವರೆಗೆ ಸಾಲಾಗಿ, ಊರಿನ ಕಡೆಗೆ.

ಮೆಹಬೂಬಿಗೆ ಹೇಳಬಾರದೆಂದು ಗಟ್ಟಿ ಮಾಡಿಕೊಂಡೇ ಅವಳ ಮನೆಗೆ ಇಳಿದೆ. ಅವಳು ಕಟ್ಟೆಯ ಮೇಲೆ ಕೂತಿದ್ದಳು.

"ಹುಲ್ಲು ಹಚ್ಚಗದ ಅಲ್ರಿ ಬಾಯಿ?"

"ಹೌದ್ರಿ ಅಮ್ಮಾ. ಹೋದ ವರ್ಷದಂಗೇ ಅದ." ಹುಟ್ಟಿದಾಗಿನಿಂದ ಅಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ.

ಅವಳು ನಕ್ಕಳು. ಹೊಸ್ತಿಲಿನ ಕಡೆ ಕಣ್ಣಿನಲ್ಲೇ ತೋರಿಸಿದಳು. ಕಲ್ಲಿನಷ್ಟು ಗಟ್ಟಿಯಾದ ಅಂಗಳ, ದಿನಾ ಗುಡಿಸುವ ಅಂಗಳ. ಹೊಸ್ತಿಲ ಮುಂದೆ ಎರಡು ಹುಲ್ಲಿನ ಕುಚ್ಚು, ಪಕ್ಕಪಕ್ಕ. ಅಂಗಳದಲ್ಲಿದ್ದ ಆಡುಗಳು ಅವಕ್ಕೆ ಬಾಯಿ ಹಾಕಿರಲಿಲ್ಲ.

"ಕೀಳಲಿಲ್ರಿ ನಾನು," ಅಂದಳು. ಆಮೇಲೆ ದನಿ ತಗ್ಗಿಸಿ, ಮದುಮಗಳಂತೆ ನಾಚಿಕೊಂಡು, "ಹುಮನಾಬಾದಿನಿಂದ ಬರೂವಾಗ ಒಂದು ಡಜನ್ ಹಸರ ಬಳಿ ತರ್ತೀರೇನ್ರಿ?"

ಬಳೆ ತಂದು ಮೂರು ವಾರವಾಯಿತು. ನನ್ನ ಚೀಲದಲ್ಲೇ ಇವೆ. ಮೋರಖಂಡಿಯ ತಿರುವಿನವರೆಗೆ ಎರಡು ಸಲ ಹೋಗಿ ಸ್ಕೂಟಿ ತಿರುಗಿಸಿಕೊಂಡು ಬಂದಿದ್ದೇನೆ. ಹೋದ ವರ್ಷ ಅವಳ ಕೈ ಬರಿದಾಗಿದ್ದು ನನ್ನ ಮಾತಿನಿಂದ. ಈಗ ಆ ಕೈಗೆ ಬಳೆ ತೊಡಿಸಿದರೆ ಅವಳು ಬಾಗಿಲು ತೆರೆಯುವುದು ಯಾರಿಗೆ ಅಂತ ನನಗೆ ಗೊತ್ತಿಲ್ಲ.