ಷೋಕೇಸಿನಿಂದ ಇಳಿದ ಗೊಂಬೆ

ಮೊನ್ನೆ ಬಸ್ಸಿನಲ್ಲಿ ಪಕ್ಕದ ಮಗುವಿನ ರಬ್ಬರಿನಿಂದ ಸ್ಟ್ರಾಬೆರಿ ವಾಸನೆ ಬಂತು. ಆ ಹಣ್ಣನ್ನು ಕಣ್ಣಿಂದ ನೋಡುವ ಎಷ್ಟೋ ವರ್ಷ ಮೊದಲೇ ನನಗೆ ಅದರ ವಾಸನೆ ಗೊತ್ತಿತ್ತು. ಬಹ್ರೇನಿನಲ್ಲಿದ್ದ ಮಾವ ರಜೆಗೆ ಬಂದಾಗಲೆಲ್ಲ ಅಕ್ಕನಿಗೆ ಎರಡೆರಡು ಗೊಂಬೆ ತರುತ್ತಿದ್ದರು. ಹೆಬ್ಬೆರಳಷ್ಟೇ ಎತ್ತರ, ಒಂದೊಂದಕ್ಕೆ ಒಂದೊಂದು ಹಣ್ಣಿನ ಪರಿಮಳ. ಪೆಟ್ಟಿಗೆಯ ಬೆನ್ನಿಗೆ ಹನ್ನೆರಡು ಗೊಂಬೆಗಳ ಚಿತ್ರ. ಇದ್ದದ್ದನ್ನು ಮರೆಸಿ ಇಲ್ಲದ್ದಕ್ಕೆ ಆಸೆ ಹುಟ್ಟಿಸುವ ಚಿತ್ರ ಅದು! ಆರು ಬಂದ ಮೇಲೆ, ಗೊಂಬೆ ಮಾಡುವವರೇ ನಿಲ್ಲಿಸಿಬಿಟ್ಟರಂತೆ.

ಇದ್ದ ಆರರ ಜೊತೆಗಾದರೂ ಆಡಲು ಬಿಟ್ಟರೆ ತಾನೇ? ಫಾರಿನ್ ಸಾಮಾನು ಎಂದರೆ ಬಂದವರಿಗೆ ತೋರಿಸುವುದಕ್ಕೆ. ಬೋಳಾರದ ನಮ್ಮ ಮನೆಯ ಷೋಕೇಸಿನಲ್ಲಿ ಖಾಲಿ ಸೆಂಟ್ ಬಾಟಲಿಗಳ ಪಕ್ಕ ಗೊಂಬೆಗಳೂ ಪೆಟ್ಟಿಗೆ ಸಮೇತ ಕೂತಿದ್ದವು. ಬೀಗದ ಕೈ ಅಮ್ಮನ ಸೊಂಟದಲ್ಲಿ.

"ಒಮ್ಮೆ ಕೊಡಮ್ಮಾ" ಎಂದು ಅಕ್ಕ ಗೋಗರೆದರೆ, "ಹಾಳಾದ್ರೆ ಮಾವನಿಗೆ ಎಂತ ತೋರಿಸುದು? ದೊಡ್ಡವಳಾಗು, ಕೊಡ್ತೇನೆ" ಎನ್ನುತ್ತಿದ್ದಳು. ಅಕ್ಕನಿಗೆ ಆಗಲೇ ಹನ್ನೊಂದು. ದೊಡ್ಡವಳಾದ ಮೇಲೆ ಗೊಂಬೆ ಯಾರಿಗೆ ಬೇಕು?

ಆ ದೀಪಾವಳಿಗೆ ಧೂಳು ಒರೆಸಿದ ಅಮ್ಮ ಬೀಗ ಹಾಕಲು ಮರೆತಳು. ಏಳು ವರ್ಷದ ಮಹಾಜ್ಞಾನಿಯಾದ ನನಗೆ, ಮನೆಮಂದಿಗೆಲ್ಲ ಎಣ್ಣೆಸ್ನಾನ ಆಗಿ ಗೊಂಬೆಗೆ ಆಗದಿರುವುದು ಅನ್ಯಾಯವೆನಿಸಿತು. ಸ್ಟ್ರಾಬೆರಿಯವಳನ್ನು ಬಚ್ಚಲಿಗೆ ಒಯ್ದೆ. ಹಚ್ಚಿದೆ ತೆಂಗಿನೆಣ್ಣೆ, ತಿಕ್ಕಿದೆ ಸೀಗೆಪುಡಿ, ಸುರಿದೆ ಹಂಡೆಯ ಕುದಿನೀರು. ನೋಡಿದರೆ ಕಣ್ಣಿಲ್ಲ, ಬಾಯಿಲ್ಲ! ಕೂದಲು ತೆಂಗಿನ ನಾರು. ಕಾಡಿಗೆಯಿಂದ ಹೊಸ ಮುಖ ಬರೆದೆ. ಹುಡುಗಿಗೆ ಮೀಸೆ ಬಂತು.

ಅಮ್ಮನ ಕೂಗು ದೂರದ ಹೊಳೆ ದಾಟುವ ಕೂಳೂರು ಸಂಕದವರೆಗೆ ಕೇಳಿಸಿರಬೇಕು. "ಎಂತ ಮಾಡಿದ್ದು ಮಾರಾಯ ನೀನು! ನಾಡಿದ್ದು ಮಾವ ಬರ್ತಾರೆ!"

ನನ್ನ ಬೆನ್ನಿಗೆ ಬೀಳುತ್ತಿದ್ದ ಪೆಟ್ಟುಗಳ ನಡುವೆ ಅಕ್ಕ ಮೆಲ್ಲ ಕೇಳಿದಳು, "ಇದಿನ್ನು ಷೋಕೇಸಿಗೆ ಆಗುದಿಲ್ಲ ಅಲ್ವಾ?"

"ಆ ಮೋರೆಯನ್ನು ಯಾರಿಗೆ ತೋರಿಸುದು? ಬಿಸಾಡು ಅತ್ತ!"

ಅಕ್ಕ ಬಿಸಾಡಲಿಲ್ಲ. ಸಂಜೆಯೊಳಗೆ ಗೊಂಬೆಗೆ ಸರೋಜ ಎಂದು ಹೆಸರಿಟ್ಟು, ರವಿಕೆ ತುಂಡಿನ ಸೀರೆ ಉಡಿಸಿದ್ದಳು. ಎರಡು ವರ್ಷ ಸರೋಜ ಅವಳ ಜೊತೆ ಉಂಡಳು, ಬೈಸಿಕೊಂಡಳು, ಮಲಗಿದಳು. ಕೊನೆಗೆ ಯಾವುದೋ ಮಳೆಗೆ ಅಂಗಳದ ತೋಡಿನಲ್ಲಿ ತೇಲಿಹೋದಳು. ಉಪಕಾರ ಮಾಡಿದ ನನಗೆ ಸಿಕ್ಕಿದ್ದು ಪೆಟ್ಟು ಮಾತ್ರ.

ಅಮ್ಮ ತೀರಿಕೊಂಡ ಮೇಲೆ, ಕೆಡವುವ ಮೊದಲು ಮನೆ ಖಾಲಿ ಮಾಡಿದೆವು. ಉಳಿದ ಐದೂ ಪೆಟ್ಟಿಗೆ ಬಿಚ್ಚದೆ ಹಾಗೆಯೇ ಇದ್ದವು, ವಾಸನೆ ಮಾತ್ರ ಇರಲಿಲ್ಲ. ಅಕ್ಕ ಒಂದೊಂದನ್ನೇ ಎತ್ತಿ, ಗುರುತು ಸಿಗದವರ ಮುಖ ನೋಡುವಂತೆ ನೋಡಿ ಕೆಳಗಿಟ್ಟಳು.

"ಪಾಪ, ಇವಕ್ಕೆ ಹೆಸರೇ ಇಡ್ಲಿಲ್ಲ ನಾವು" ಎಂದಳು.